ಹಡಗಿನೊಳಗಿನ ಊಟದ ಗಂಟೆ

ನಾನು ಜತ್ತ ತಾಲೂಕಿನ ಒಕ್ಕಲುತನದ ಮನುಷ್ಯ. ಓದಿದ್ದು ಏಳನೇ ಇಯತ್ತೆ. ಹಗಲು ಹೊಲ, ರಾತ್ರಿ ಡೊಳ್ಳಿನ ಪದ, ಇದರಾಗೇ ಅರವತ್ತು ವರ್ಷ ದಾಟಿದವು. ಸಮುದ್ರ ನೋಡಿದ್ದು ಒಂದೇ ಸಲ, ಗಣಪತಿಪುಳೆಗೆ ಹೋದಾಗ, ಅದೂ ದಂಡೆಯ ಮೇಲೆ ನಿಂತು. ಇಂಥವನು ಹಡಗಿನ ಊಟದ ಇತಿಹಾಸ ಬರೆಯಲು ಕೂತಿದ್ದಾನಲ್ಲ ಅಂತ ನಗುವವರು ನಗಲಿ. ಬರೆಯೋದಕ್ಕೆ ಕಾರಣ ಐತಿ.

ನನ್ನ ತಂಗಿಯ ಮಗ ಪರದೇಶದ ಒಂದು ದೊಡ್ಡ ಪ್ರವಾಸಿ ಹಡಗಿನಲ್ಲಿ ವೇಟರ್ ಕೆಲಸ ಮಾಡ್ತಾನೆ. ಇಂಥಾ ಹಡಗಿಗೆ ಕ್ರೂಜ್ ಅಂತಾರೆ. ಊರಿಂದ ಊರಿಗೆ ಹೋಗೋದಕ್ಕಲ್ಲ, ನೀರಿನ ಮೇಲೆ ಸುತ್ತಾಡಿ ಬರೋದಕ್ಕೆ ಮಂದಿ ಹತ್ತುವ ಹಡಗು. ಹೋದ ದೀಪಾವಳಿಗೆ ಅವನು ರಜೆ ಮೇಲೆ ಬಂದಿದ್ದ. ಸಂಜೆ ನಮ್ಮ ವಾಚನಾಲಯದ ಕಟ್ಟೆ ಮೇಲೆ ಕೂತು ಅಲ್ಲಿಯ ಸುದ್ದಿ ಹೇಳ್ತಿದ್ದ.

"ಮಾಮಾ, ಅಲ್ಲಿ ಟಿಕೀಟ್ ತಗೊಳ್ಳುವಾಗನ ಒಂದು ಮಾತು ಕೇಳ್ತಾರ್ರಿ. ರಾತ್ರಿ ಊಟಕ್ಕ ದಿನಾ ಒಂದ ವ್ಯಾಳ್ಯಾ, ಒಂದ ಟೇಬಲ್ ಬೇಕೋ, ಇಲ್ಲಾ ನಿಮಗ ಹಸಿವ್ಯಾದಾಗ ಬರ್ತೀರೋ ಅಂತ. ನೀವ ಆಗಿದ್ರ ಏನಂತಿದ್ರಿ?"

"ಹಸಿವ್ಯಾದಾಗ ಬರ್ತೀನಿ ಅಂತಿದ್ದೆ. ಅದರಾಗ ಕೇಳೂದು ಏನೈತೋ?" ಅಂದೆ.

ಎಲ್ಲರೂ ನಕ್ಕರು. ಅವನು ಮಾತ್ರ ಸಣ್ಣಗೆ ಹೇಳಿದ, "ಅತ್ತಿ ಇದ್ದಿದ್ರ ನಿಮ್ಮ ಉತ್ತರ ಕೇಳಿ ಏನಂತಿದ್ಳು ಮಾಮಾ?"

ಆ ಮಾತು ನನಗೆ ನಟ್ಟಿತು. ಯಾಕೆ ನಟ್ಟಿತು ಅನ್ನೋದನ್ನು ಕೊನೆಗೆ ಹೇಳ್ತೀನಿ. ಅವತ್ತಿನಿಂದ ಈ ಊಟದ ವೇಳೆಯ ಕತೆ ಎಲ್ಲಿಂದ ಶುರುವಾಯ್ತು ಅಂತ ಅವನನ್ನು ಕೇಳಿ, ಸಾಲಿ ಗುರುಗಳ ಕೈಯಿಂದ ಪುಸ್ತಕ ಓದಿಸಿ ತಿಳಿದುಕೊಂಡೆ. ತಿಳಿದಿದ್ದನ್ನು ಇಲ್ಲಿ ಬರೆದೀನಿ.

ಮೊದಲು ಹಡಗಿನಲ್ಲಿ ಇಂಥಾ ಪ್ರಶ್ನೆಯೇ ಇರಲಿಲ್ಲ. 1840ರಲ್ಲಿ ಕ್ಯುನಾರ್ಡ್ ಕಂಪನಿಯ ಬ್ರಿಟಾನಿಯಾ ಎಂಬ ಉಗಿಹಡಗು ಇಂಗ್ಲೆಂಡಿನ ಲಿವರ್‌ಪೂಲಿನಿಂದ ಅಮೆರಿಕದ ಕಡೆಗೆ ಟಪಾಲು ಮತ್ತು ಮಂದಿಯನ್ನು ಒಯ್ಯಲು ಶುರುಮಾಡಿತು. ಹಾಲಿಗೆ ಅಂತ ಒಂದು ಆಕಳನ್ನೂ ಹಡಗಿನಲ್ಲಿ ಕಟ್ಟಿದ್ದರಂತೆ. 1842ರ ಜನವರಿಯಲ್ಲಿ ಚಾರ್ಲ್ಸ್ ಡಿಕನ್ಸ್ ಎಂಬ ಇಂಗ್ಲಿಷ್ ಕಾದಂಬರಿಕಾರರು ಅದೇ ಹಡಗಿನಲ್ಲಿ ಹೋದರು. ಅದರ ಊಟದ ಕೋಣೆ ಅವರಿಗೆ ಕಿಟಕಿ ಇಟ್ಟ ಹೆಣದ ಬಂಡಿಯ ಹಾಗೆ ಕಂಡಿತು. ಉದ್ದನೆಯ ಮೇಜು, ಅದರ ಮೇಲೆ ಗಾಜಿನ ಲೋಟ ಸಿಕ್ಕಿಸಿಡುವ ಕಟ್ಟು. ಮಧ್ಯಾಹ್ನ 1ಕ್ಕೆ ಗಂಟೆ ಬಾರಿಸಿದರೆ ಒಂದು ಊಟ, ಸಂಜೆ 5ಕ್ಕೆ ಬಾರಿಸಿದರೆ ಇನ್ನೊಂದು ಊಟ. ನಮ್ಮ ಮಾತಿನಾಗೆ ಹೊತ್ತಿಗೂ ಗಂಟೆ ಅಂತೀವಿ, ಬಾರಿಸೋದಕ್ಕೂ ಗಂಟೆ ಅಂತೀವಿ. ಆ ಹಡಗಿನಲ್ಲಿ ಎರಡೂ ಒಂದೇ ಆಗಿತ್ತು.

ಹೀಗೆ ಯಾಕೆ ಕಟ್ಟು ಮಾಡಿದರು? ಜಾಗ ಸಾಲದಕ್ಕೆ. ಹಡಗು ಅಂದರೆ ಎಂಜಿನ್ನು, ಕಲ್ಲಿದ್ದಲು, ಸಾಮಾನು, ಇವೆಲ್ಲ ಹೋಗಿ ಉಳಿದದ್ದು ಮನುಷ್ಯರಿಗೆ. ಒಲೆ ಕೆಲವೇ, ಅಡಿಗೆಯವರು ಕೆಲವೇ. ಅಷ್ಟು ಮಂದಿಗೆ ಬಿಸಿ ಊಟ ಮುಟ್ಟಬೇಕಾದರೆ ಒಮ್ಮೆಲೇ ನೀಡಬೇಕು. ಸಮುದ್ರ ಎದ್ದಾಗ ಮೇಜಿನ ಅಂಚಿಗೆ ಕಟ್ಟಿಗೆಯ ಚೌಕಟ್ಟು ಹಾಕುತ್ತಿದ್ದರು, ತಾಟು ಜಾರಿ ಬೀಳದಿರಲಿ ಅಂತ. ಕುರ್ಚಿಯನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸುತ್ತಿದ್ದರು. ಕುರ್ಚಿಯೇ ಅಲುಗಾಡದ ಮೇಲೆ ಉಣ್ಣುವ ಹೊತ್ತು ಎಲ್ಲಿ ಅಲುಗಾಡೀತು?

ಮಂದಿ ಹೆಚ್ಚಾಗಿ ಕುರ್ಚಿ ಸಾಲದಾದಾಗ ನಾವು ಮದುವೆಯಲ್ಲಿ ಮಾಡೋದನ್ನೇ ಅವರೂ ಮಾಡಿದರು. ಮೊದಲನೇ ಪಂಗತಿ, ಎರಡನೇ ಪಂಗತಿ. ಇವತ್ತು ಕ್ರೂಜ್ ಹಡಗಿನಲ್ಲಿ ಸಂಜೆ ಸುಮಾರು 6ಕ್ಕೆ ಒಂದು, ರಾತ್ರಿ ಎಂಟು ಎಂಟೂವರೆಗೆ ಒಂದು ಅಂತ ಗೊತ್ತುಮಾಡಿದ ಊಟ ಇರ್ತದಲ್ಲ, ಅದರ ಬೇರು ಇದೇ.

ಈ ಕಟ್ಟು ಎಲ್ಲರಿಗೂ ಹೊಂದುತ್ತಿತ್ತು ಅಂತಲ್ಲ. ನಮ್ಮ ವಾಚನಾಲಯದಲ್ಲಿ ಗಾಂಧೀಜಿಯ ಆತ್ಮಕಥೆ ಐತಿ, ನೀವೂ ಓದಿರಬಹುದು. 1888ರ ಸೆಪ್ಟೆಂಬರ್ 4ಕ್ಕೆ ಅವರು ಮುಂಬಯಿಯಿಂದ ಕ್ಲೈಡ್ ಎಂಬ ಹಡಗು ಹತ್ತಿ ವಿಲಾಯತಿಗೆ ಹೊರಟರು. ಇನ್ನೂ ಹತ್ತೊಂಬತ್ತು ತುಂಬದ ಹುಡುಗ. ಚಾಕು ಮುಳ್ಳುಚಮಚ ಹಿಡಿಯೋದು ಗೊತ್ತಿಲ್ಲ. ಯಾವುದರಲ್ಲಿ ಮಾಂಸ ಇಲ್ಲ ಅಂತ ಕೇಳಲು ನಾಚಿಕೆ. ಹಾಗಾಗಿ ಊಟದ ಮೇಜಿಗೆ ಹೋಗದೆ, ಮನೆಯಿಂದ ತಂದ ಸಿಹಿ ತಿಂಡಿ ಮತ್ತು ಹಣ್ಣನ್ನೇ ಹೆಚ್ಚಾಗಿ ತನ್ನ ಕೋಣೆಯಲ್ಲಿ ತಿಂದರು. ಗಂಟೆ ಎಲ್ಲರನ್ನೂ ಕರೀತದೆ. ಆದರೆ ಕರೆದ ಜಾಗದಲ್ಲಿ ಕೂತು ಉಣ್ಣುವ ಧೈರ್ಯ ಎಲ್ಲರಿಗೂ ಇರೋದಿಲ್ಲ. ಈ ಮಾತು ಓದಿದಾಗ ನನಗೆ ನನ್ನ ಮೊದಲನೇ ಪುಣೆ ಕಾರ್ಯಕ್ರಮ ನೆನಪಾಯ್ತು. ನಾಲ್ಕು ನಮೂನಿ ಚಮಚ ನೋಡಿ ಹೆದರಿ ಹೊರಗೆ ಬಂದು ಬಾಳೆಹಣ್ಣು ತಿಂದು ಹಾಡಿದ್ದೆ.

ಸುತ್ತಾಟದ ಹಡಗು ಹುಟ್ಟಿದ್ದು ಇದಾದ ಸ್ವಲ್ಪ ವರ್ಷಕ್ಕೆ. ಜರ್ಮನಿಯ ಹ್ಯಾಂಬರ್ಗ್ ಅಮೆರಿಕ ಕಂಪನಿಯ ಆಲ್ಬರ್ಟ್ ಬಾಲಿನ್ ಎಂಬವರು ಒಂದು ಲೆಕ್ಕ ಹಾಕಿದರು. ಚಳಿಗಾಲದಲ್ಲಿ ಅಮೆರಿಕಕ್ಕೆ ಹೋಗುವ ಮಂದಿ ಕಡಿಮೆ, ಹಡಗು ಸುಮ್ಮನೆ ನಿಲ್ತದೆ. ಅದನ್ನೇ ಬಿಸಿಲಿನ ಕಡೆಗೆ ಸುತ್ತಾಡಿಸಿದರೆ ಹೇಗೆ? 1891ರ ಜನವರಿ 22ಕ್ಕೆ ಆಗಸ್ಟಾ ವಿಕ್ಟೋರಿಯಾ ಹಡಗು 241 ಪ್ರಯಾಣಿಕರನ್ನು ಹೊತ್ತು ಮೆಡಿಟರೇನಿಯನ್ ಸಮುದ್ರಕ್ಕೆ ಹೊರಟಿತು. ಸುಮಾರು ಎರಡು ತಿಂಗಳ ಪ್ರವಾಸ. ಸುಗ್ಗಿ ಮುಗಿದ ಮೇಲೆ ಖಾಲಿ ಕೂಡುವ ಎತ್ತಿನ ಬಂಡಿಯನ್ನು ಬಾಡಿಗೆಗೆ ಬಿಟ್ಟ ಹಾಗೆ.

ಹಸಿವಾದಾಗ ಉಣ್ಣುವ ಸೌಕರ್ಯವನ್ನು ಹಡಗಿಗೆ ತಂದವರೂ ಇದೇ ಬಾಲಿನ್. ಲಂಡನ್ನಿನಲ್ಲಿ ಸೀಜರ್ ರಿಟ್ಜ್ ನಡೆಸುತ್ತಿದ್ದ ಕಾರ್ಲ್‌ಟನ್ ಹೋಟೆಲಿನಲ್ಲಿ ಅವರು ಉಂಡಿದ್ದರು. ಅಲ್ಲಿ ಬಂದಾಗ ಬಂದು, ಬೇಕಾದ್ದನ್ನು ಹೇಳಿ ಮಾಡಿಸಿ ತಿನ್ನುವ ಪದ್ಧತಿ. 1905ರಲ್ಲಿ ಅವರ ಕಂಪನಿಯ ಅಮೆರಿಕಾ ಎಂಬ ಹೊಸ ಹಡಗಿನಲ್ಲಿ ರಿಟ್ಜ್ ಹೆಸರಿನ ಒಂದು ಉಪಾಹಾರ ಮಂದಿರ ತೆಗೆದರು. ದೊಡ್ಡ ಊಟದ ಕೋಣೆ ಹಾಗೇ ಇತ್ತು, ಅಲ್ಲಿಯ ಗಂಟೆಯೂ ಹಾಗೇ ಇತ್ತು. ಆದರೆ ಬೇರೆ ದುಡ್ಡು ಕೊಟ್ಟವನಿಗೆ ಗಂಟೆಯ ಹಂಗಿಲ್ಲ. ಹೊತ್ತು ಅನ್ನೋದು ಹಡಗಿನಲ್ಲಿ ಮಾರಾಟಕ್ಕೆ ಬಂದದ್ದು ಅಲ್ಲಿಂದ.

1912ರ ಟೈಟಾನಿಕ್ ಹಡಗಿನಲ್ಲಿ ಇದೆಲ್ಲ ಒಂದೇ ಕಡೆ ನೋಡಲು ಸಿಗ್ತದೆ. ಮೊದಲ ದರ್ಜೆಯ ಊಟದ ಕೋಣೆಯಲ್ಲಿ ಐನೂರಕ್ಕೂ ಹೆಚ್ಚು ಕುರ್ಚಿ. ಊಟದ ಹೊತ್ತಿಗೆ ತುತ್ತೂರಿ ಊದಿ ಕರೆಯುತ್ತಿದ್ದರು. ಮೂರನೇ ದರ್ಜೆಯ ಬಡವರ ಊಟದ ಕೋಣೆಯಲ್ಲಿ 473 ಮಂದಿಗೆ ಜಾಗ, ಆದ್ದರಿಂದ ಪಂಗತಿ ಮೇಲೆ ಪಂಗತಿ. ಅವರ ದೊಡ್ಡ ಊಟ ನಡುಮಧ್ಯಾಹ್ನಕ್ಕೆ, ನಮ್ಮ ಹೊಲದ ಬುತ್ತಿಯ ಹೊತ್ತಿಗೆ. ಮೇಲಿನ ಅಂತಸ್ತಿನಲ್ಲಿ ಲುಯಿಜಿ ಗಟ್ಟಿ ಎಂಬ ಇಟಲಿಯವರು ನಡೆಸುವ ಉಪಾಹಾರ ಮಂದಿರ. ಅದು ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೂ ತೆರೆದಿರುತ್ತಿತ್ತು. ಮೊದಲ ದರ್ಜೆಯವರು ಬೇಕಾದಾಗ ಹೋಗಿ ಬೇರೆ ದುಡ್ಡು ಕೊಟ್ಟು ಉಣ್ಣಬಹುದು. ಏಪ್ರಿಲ್ 14ರ ರಾತ್ರಿ ಹಡಗಿನ ಕ್ಯಾಪ್ಟನ್ ಸ್ಮಿತ್ ಕೂಡ ಒಂದು ಶ್ರೀಮಂತ ಮನೆತನದ ಔತಣಕ್ಕೆ ಅಲ್ಲಿಗೇ ಬಂದಿದ್ದರು. ಅದೇ ರಾತ್ರಿ 11-40ಕ್ಕೆ ಹಡಗು ಹಿಮಗುಡ್ಡಕ್ಕೆ ಬಡಿಯಿತು.

ಗಟ್ಟಿಯವರ ಕೈಕೆಳಗೆ ಅರವತ್ತಕ್ಕೂ ಹೆಚ್ಚು ಮಂದಿ ಇದ್ದರು. ಹೆಚ್ಚಿನವರು ಇಟಲಿ, ಫ್ರಾನ್ಸಿನ ಅಡಿಗೆಯವರು, ನೀಡುವವರು. ಅವರಲ್ಲಿ ಉಳಿದವರು ಮೂವರೇ ಮೂವರು. ಗಟ್ಟಿಯವರೂ ಮುಳುಗಿದರು. ಗುರುಗಳು ಇದನ್ನು ಓದಿ ಹೇಳಿದಾಗ ನನ್ನ ಅಳಿಯ ಬಹಳ ಹೊತ್ತು ಮಾತಾಡಲಿಲ್ಲ. ಉಂಡವರ ಹೆಸರು ಪುಸ್ತಕದಲ್ಲಿ ತುಂಬ ಐತಿ. ನೀಡಿದವರ ಹೆಸರು ಹುಡುಕಬೇಕು.

ಮುಂದೆ ವಿಮಾನ ಬಂದು, ಊರು ಮುಟ್ಟಲು ಹಡಗು ಹತ್ತುವವರು ಕಡಿಮೆಯಾದರು. ಸುತ್ತಾಡುವ ಕ್ರೂಜ್ ಹಡಗೇ ದೊಡ್ಡ ವ್ಯಾಪಾರವಾಯ್ತು. ಎರಡು ಪಂಗತಿಯ ಪದ್ಧತಿ ಅಲ್ಲಿಗೂ ಬಂತು. ದಿನಾ ಅದೇ ಟೇಬಲ್, ಅದೇ ವೇಟರ್. ಗುರುತಿಲ್ಲದ ಆರೆಂಟು ಮಂದಿಯನ್ನು ಒಂದೇ ಟೇಬಲ್ಲಿಗೆ ಕೂರಿಸೋದು. ಮೊದಲ ರಾತ್ರಿ ಮುಖ ತಿರುಗಿಸಿ ಕೂತವರು ಕೊನೆಯ ರಾತ್ರಿ ವಿಳಾಸ ಬರೆದುಕೊಡುವುದೂ ಉಂಟು. ಮರುದಿನ ಇಳಿಯೋದು ಅನ್ನುವಾಗ ವೇಟರನ ಕೈಗೆ ಲಕೋಟೆಯಲ್ಲಿ ಭಕ್ಷೀಸು ಕೊಡುವ ರೂಢಿ ಇತ್ತು.

2000ದಲ್ಲಿ ನಾರ್ವೇಜಿಯನ್ ಕ್ರೂಜ್ ಲೈನ್ ಕಂಪನಿ ಈ ಗಂಟೆಯನ್ನು ಬಿಚ್ಚಿತು. ಫ್ರೀಸ್ಟೈಲ್ ಅಂತ ಅದಕ್ಕೆ ಹೆಸರಿಟ್ಟರು. ಬೇಕಾದಾಗ ಬಾ, ಬೇಕಾದವರ ಜೊತೆ ಕೂಡು. ಹಿಂದೆ ಶ್ರೀಮಂತರು ಬೇರೆ ದುಡ್ಡು ಕೊಟ್ಟು ಪಡೆದದ್ದು ಈಗ ಸಾಮಾನ್ಯ ಟಿಕೀಟಿನವನಿಗೂ ಸಿಕ್ಕಿತು. ಇದು ಸಣ್ಣ ಮಾತಲ್ಲ. ಬೇರೆ ಕಂಪನಿಗಳೂ ಹಿಂದೆ ಬಂದವು. ಆದರೆ ದಿನಾ ಬೇರೆ ವೇಟರ್ ಆದ ಮೇಲೆ ಲಕೋಟೆ ಯಾರಿಗೆ ಕೊಡೋದು? ಅದಕ್ಕೆ ದಿನಕ್ಕೆ ಇಷ್ಟು ಅಂತ ಸೇವಾ ಶುಲ್ಕವನ್ನು ಬಿಲ್ಲಿಗೇ ಸೇರಿಸಿದರು.

2014ರ ಕೊನೆಗೆ ರಾಯಲ್ ಕೆರಿಬಿಯನ್ ಕಂಪನಿ ಕ್ವಾಂಟಮ್ ಆಫ್ ದಿ ಸೀಸ್ ಎಂಬ ಹೊಸ ಹಡಗಿನಲ್ಲಿ ಇನ್ನೂ ಮುಂದೆ ಹೋಯ್ತು. ದೊಡ್ಡ ಊಟದ ಹಾಲನ್ನೇ ತೆಗೆದು ಹಲವು ಉಪಾಹಾರ ಮಂದಿರ ಮಾಡಿತು. ಆಗ ಹಳೆಯ ಪ್ರಯಾಣಿಕರು ತಕರಾರು ಮಾಡಿದರು. ನಮ್ಮ ಟೇಬಲ್ ಎಲ್ಲಿ, ನಮ್ಮ ವೇಟರ್ ಎಲ್ಲಿ ಅಂತ. ಒಂದೆರಡು ವರ್ಷದೊಳಗೆ ಕಂಪನಿ ಗೊತ್ತಾದ ಹೊತ್ತಿನ ಊಟವನ್ನು ತಿರುಗಿ ತಂದಿತು. ಈಗ ಬಹಳ ಹಡಗಿನಲ್ಲಿ ಎರಡೂ ಇರ್ತಾವೆ. ಡಿಸ್ನಿ ಕಂಪನಿಯ ಹಡಗಿನಲ್ಲಿ ಇನ್ನೊಂದು ಉಪಾಯ. ಮನೆಮಂದಿ ದಿನಕ್ಕೊಂದು ಊಟದ ಕೋಣೆಗೆ ಹೋಗ್ತಾರೆ, ಹೊತ್ತು ಮಾತ್ರ ಅದೇ, ವೇಟರ್ ಕೂಡ ಅವರ ಹಿಂದೆಯೇ ಹೋಗ್ತಾನೆ.

ಹಾಗಾದರೆ ಯಾವುದು ಚಲೋ? ಅಳಿಯ ಹೇಳಿದ್ದನ್ನು ಹೇಳಿದ ಹಾಗೇ ಬರೀತೀನಿ.

"ಸಣ್ಣ ಹುಡುಗರಿದ್ದವ್ರು ಮೊದಲನೇ ಪಂಗತಿ ಹಿಡೀಬೇಕ್ರಿ, ಹುಡುಗ್ರು ನಿದ್ದಿಗೆ ಬರ್ತಾವ. ಸಕ್ಕರಿ ಬ್ಯಾನಿಯವ್ರು ಹೊತ್ತಿಗೆ ಉಣ್ಣಬೇಕು, ಅವ್ರಿಗೆ ಗೊತ್ತಾದ ಹೊತ್ತ ಚಲೋ. ಮಾಂಸ ಮೊಟ್ಟಿ ತಿನ್ನದವ್ರು ಮೊದಲನೇ ದಿನ ಒಮ್ಮಿ ಹೇಳಿದ್ರ ಸಾಕು, ನಾವ ಕಡೀತನಕ ನೆನಪಿಡ್ತೀವಿ. ಬೇಕಾದಾಗ ಬರಾವ್ರು ದಿನಾ ಹೊಸಬನ ಮುಂದ ಹೇಳಬೇಕು. ಒಬ್ಬಂಟಿ ಬಂದವ್ರಿಗೆ ಗೊತ್ತಾದ ಟೇಬಲ್ಲಿನ್ಯಾಗ ಮಾತಾಡ್ಸಾವ್ರು ಸಿಗ್ತಾರ. ಊರು ನೋಡಾಕ ಇಳಿದು ತಡಾ ಆಗಿ ಬರಾವ್ರಿಗೆ, ಮಂದಿ ಕೂಡ ಬೆರಿಯಾಕ ಮನಸಿಲ್ಲದವ್ರಿಗೆ ಬೇಕಾದಾಗ ಉಣ್ಣೂದ ಚಲೋ. ಆದ್ರ ಏಳರ ಸುಮಾರ ಎಲ್ಲಾರಿಗೂ ಒಮ್ಮಿಗೇ ಹಸಿವ್ಯಾಗತೈತಿ, ಆವಾಗ ಬಾಗಿಲದಾಗ ಸರತಿ ನಿಲ್ಲಬೇಕಾಗತೈತಿ."

"ನಿನಗ ಯಾವುದು ಚಲೋ?" ಅಂದೆ.

"ಎರಡೂ ಕೆಲಸನ ಮಾಮಾ. ಆದ್ರ ಗೊತ್ತಾದ ಟೇಬಲ್ಲಿನವ್ರು ಮೂರನೇ ದಿನಕ್ಕ ನನ್ನ ಹೆಸರು ಹಿಡದು ಮಾತಾಡ್ಸ್ತಾರ."

ಈಗ ನನ್ನ ಮಾತು. ಮೂವತ್ತೈದು ವರ್ಷ ನಾನು ಡೊಳ್ಳಿನ ಮೇಳ ಕಟ್ಟಿಕೊಂಡು ತಿರುಗಿದೆ. ಸೊಲ್ಲಾಪುರ, ಅಕ್ಕಲಕೋಟೆ, ಇಂಡಿ, ಚಡಚಣ. ಹಾಡಕಿ ಮುಗಿದು ಮನೆಗೆ ಬರುವ ಹೊತ್ತಿಗೆ ನೇಮವಿಲ್ಲ. ಒಮ್ಮೆ ಹನ್ನೊಂದು, ಒಮ್ಮೆ ಎರಡು, ಒಮ್ಮೆ ಕೋಳಿ ಕೂಗುವಾಗ. ಯಾವಾಗ ಬಂದರೂ ರೊಟ್ಟಿ ಬುಟ್ಟಿಯಲ್ಲಿ ಮೆತ್ತಗೆ ಇರೋದು, ಪಲ್ಯ ಒಲೆಯ ಬೂದಿಯ ಮೇಲೆ ಬೆಚ್ಚಗೆ ಇರೋದು. ಮನಿಯಾಕಿ ಗೋಡೆಗೆ ಒರಗಿ ತೂಕಡಿಸುತ್ತ ಕೂತಿರೋಳು. ನಾನು ಉಂಡ ಮೇಲೆ ತಾನು ಉಣ್ಣೋಳು. ನನಗೆ ಹಸಿವಾದಾಗ ಊಟ ಸಿಗ್ತದೆ, ನಾನು ಪುಣ್ಯವಂತ ಅಂದುಕೊಂಡಿದ್ದೆ. ಆಕೆಗೆ ಎಷ್ಟು ಹೊತ್ತಿಗೆ ಹಸಿವಾಗ್ತಿತ್ತು ಅಂತ ಒಂದು ದಿನವೂ ಕೇಳಲಿಲ್ಲ. ಕೊನೆಕೊನೆಗೆ ಆಕೆಗೂ ಸಕ್ಕರೆ ಬೇನೆ ಇತ್ತು. ಆಗಲೂ ಕಾದಳು. ಆಕೆ ಹೋಗಿ ಆರು ವರ್ಷವಾಯ್ತು.

ಹಡಗಿನ ಇತಿಹಾಸ ಓದಿದಾಗ ನನಗೆ ತಿಳಿದದ್ದು ಇಷ್ಟು. ಒಬ್ಬ ಬೇಕಾದಾಗ ಉಣ್ಣಬೇಕಾದರೆ ಇನ್ನೊಬ್ಬ ಯಾವಾಗಲೂ ಎಚ್ಚರ ಇರಬೇಕು. ಹಡಗಿನಲ್ಲಿ ಅದಕ್ಕೆ ಪಗಾರ ಐತಿ, ಪಾಳಿ ಐತಿ, ಬದಲಿ ಮನುಷ್ಯ ಇದ್ದಾನೆ. ಮನೆಯಲ್ಲಿ ಪಾಳಿ ಬದಲಿಸುವವರು ಯಾರಿದ್ದರು?

ಈಗಲೂ ಹಾಡಲು ಹೋಗ್ತೀನಿ. ಆದರೆ ಹೋಗುವಾಗ ಸೊಸೆಗೆ ಹೊತ್ತು ಹೇಳಿ ಹೋಗ್ತೀನಿ. "ಒಂಬತ್ತಕ್ಕ ಬರ್ತೀನವ್ವಾ. ಬರಲಿಲ್ಲಾ ಅಂದ್ರ ಮುಚ್ಚಿಟ್ಟು ನೀ ಉಂಡು ಮಲಕ್ಕೋ, ನಾ ಹಾಕ್ಕೊಂಡು ಉಣ್ತೀನಿ" ಅಂತೀನಿ. ಮೊದಮೊದಲು ಆಕೆ ನಂಬಲಿಲ್ಲ, ಕಾಯ್ತಾ ಕೂತಿದ್ದಳು. ಈಗ ಮಲಗ್ತಾಳೆ. ಕತ್ತಲಲ್ಲಿ ನಾನೇ ಬುಟ್ಟಿ ತಡಕಾಡಿ ಎರಡು ರೊಟ್ಟಿ ತಗೊಂಡು, ಗೋಡೆಯ ಆ ಮಗ್ಗಲು ಒಮ್ಮೆ ನೋಡಿ, ಉಣ್ಣಲು ಕೂಡ್ತೀನಿ.