ಕಾರ್ಡ್ ಸಮತೋಲನ

ಟ್ರೇಡಿಂಗ್ ಕಾರ್ಡ್ ಆಟಗಳಲ್ಲಿ ಒಂದು ಕಾರ್ಡನ್ನು ಆಡಲು ತೆರಬೇಕಾದ ಬೆಲೆಗೂ ಅದರಿಂದ ದೊರೆಯುವ ಪರಿಣಾಮಕ್ಕೂ ಹೊಂದಾಣಿಕೆ ತರುವ ವಿನ್ಯಾಸಕ್ರಮ. ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿದ, 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಮ್ಯಾಜಿಕ್: ದ ಗ್ಯಾದರಿಂಗ್’ ಆಟದಲ್ಲಿ ಈ ಬೆಲೆಯನ್ನು ಮಾನಾ ಎಂಬ ಶಕ್ತಿಯ ಏಕಮಾನಗಳಲ್ಲಿ ಎಣಿಸಲಾಗುತ್ತದೆ. ಮಾನಾ ಒದಗಿಸುವ ಭೂಮಿ ಕಾರ್ಡುಗಳನ್ನು ಸಾಮಾನ್ಯವಾಗಿ ಸರದಿಗೆ ಒಂದರಂತೆ ಮಾತ್ರ ಇಡಬಹುದಾದ್ದರಿಂದ, ದುಬಾರಿ ಕಾರ್ಡುಗಳು ತಡವಾಗಿ ಬಳಕೆಗೆ ಬರುತ್ತವೆ.

ಸಮಾನ ಬೆಲೆಯು ಸಮಾನ ಬಲವನ್ನು ಖಾತ್ರಿಪಡಿಸುವುದಿಲ್ಲ ಎಂಬುದಕ್ಕೆ ಇದೇ ಆಟದ ಮೊದಲ ಆವೃತ್ತಿಯ, ತಲಾ ಒಂದು ಮಾನಾ ಬೆಲೆಯ ಐದು ಕಾರ್ಡುಗಳು ಶ್ರೇಷ್ಠ ನಿದರ್ಶನ. ಐದರ ಪರಿಣಾಮವೂ ಮೂರು ಎಂಬ ಸಂಖ್ಯೆಯನ್ನೇ ಆಧರಿಸಿದ್ದರೂ, ಮೂರು ಕಾರ್ಡುಗಳನ್ನು ಸೆಳೆಯಲು ಬಿಡುವ ‘ಆನ್ಸೆಸ್ಟ್ರಲ್ ರೀಕಾಲ್’ ಸ್ಪರ್ಧೆಗಳಲ್ಲಿ ನಿಷೇಧ ಮತ್ತು ಮಿತಿಗಳಿಗೆ ಒಳಗಾದರೆ, ಮೂರು ಜೀವಾಂಕ ನೀಡುವ ‘ಹೀಲಿಂಗ್ ಸಾಲ್ವ್’ ದುರ್ಬಲವೆನಿಸಿತು. ಏಕೆಂದರೆ ಹೊಸ ಕಾರ್ಡು ಹೊಸ ಆಯ್ಕೆಗಳನ್ನು ತೆರೆಯುತ್ತದೆ, ಜೀವಾಂಕವು ಸೋಲನ್ನು ಮುಂದೂಡುತ್ತದೆಯಷ್ಟೆ.

ಹವ್ಯಾಸಿಗಳು ಸ್ವಂತ ಕಾರ್ಡುಗಳನ್ನು ರಚಿಸುವಾಗ ಪ್ರಕಟಿತ ಕಾರ್ಡುಗಳನ್ನೇ ಅಳತೆಗೋಲಾಗಿಸಿಕೊಳ್ಳುತ್ತಾರೆ. ಎರಡು ಮಾನಾಕ್ಕೆ ಎರಡು ದಾಳಿಬಲ ಮತ್ತು ಎರಡು ತಾಳಿಕೆಯುಳ್ಳ, ಬೇರಾವ ಸಾಮರ್ಥ್ಯವೂ ಇಲ್ಲದ ‘ಗ್ರಿಜ್ಲಿ ಬೇರ್ಸ್’ ಎಂಬ ಜೀವಿ ಕಾರ್ಡು ಅಂಥ ಒಂದು ಮಾನದಂಡವಾಗಿದ್ದು, ಅದಕ್ಕಿಂತ ಬಲವಾದ ಜೀವಿಗೆ ಹೆಚ್ಚಿನ ಬೆಲೆಯನ್ನೋ ತಕ್ಕ ನ್ಯೂನತೆಯನ್ನೋ ಸೇರಿಸುವುದು ವಾಡಿಕೆ. ಆದರೆ ಕಾರ್ಡಿನ ನಿಜವಾದ ಬಲವು ಇತರ ಕಾರ್ಡುಗಳೊಡನೆ ಕೂಡಿದಾಗಲೇ ಪ್ರಕಟವಾಗುವುದರಿಂದ, ಲೆಕ್ಕಾಚಾರದ ಬಳಿಕವೂ ವಿವಿಧ ಕಾರ್ಡುಕಟ್ಟುಗಳಲ್ಲಿ ಅದನ್ನು ಮತ್ತೆ ಮತ್ತೆ ಆಡಿ ಪರೀಕ್ಷಿಸುವುದು ಅನಿವಾರ್ಯ.