ಮುಂದಿನ ಗಾಲಿಯ ಇನ್ನೂರು ವರ್ಷ

ಎತ್ತಿನ ಗಾಡಿಗೆ ಸ್ಟೇರಿಂಗ್ ಇಲ್ಲ. ಎರಡು ಗಾಲಿ, ಒಂದು ಅಚ್ಚು, ಒಂದು ನೊಗ. ಹಗ್ಗ ಜಗ್ಗಿದ ಕಡೆ ಎತ್ತು, ಎತ್ತು ಹೋದ ಕಡೆ ಗಾಡಿ. ತಿರುವಿನ ತಾಪತ್ರಯ ಶುರುವಾಗುವುದು ನಾಲ್ಕು ಗಾಲಿ ಬಂದಾಗ. ನಮ್ಮ ದೊಡ್ಡ ತೇರುಗಳನ್ನೇ ನೋಡಿ: ಅಚ್ಚು ತಿರುಗದ ಕಾರಣ ಗಾಲಿಯ ಬುಡಕ್ಕೆ ಮರದ ಸನ್ನೆ ಕೊಟ್ಟು, ಜನ ಹಗ್ಗ ಎಳೆದಂತೆಲ್ಲ ತುಸುತುಸುವೇ ಮುಖ ಬದಲಿಸಬೇಕು. ವರ್ಷಕ್ಕೊಮ್ಮೆ ಬೀದಿಗಿಳಿಯುವ ತೇರಿಗೆ ಅಷ್ಟು ಸಾಕು. ಸಾಲು ಮುಗಿದಾಗಲೆಲ್ಲ ಬದುವಿನ ಬಳಿ ಹೊರಳಬೇಕಾದ ಟ್ರ್ಯಾಕ್ಟರಿಗೆ ಸಾಲದು.

ಟ್ರ್ಯಾಕ್ಟರಿಗೆ ಆ ವಿದ್ಯೆ ದಕ್ಕಿದ್ದು ಕುದುರೆ ಸಾರೋಟಿನಿಂದ. ತಿರುವಿನಲ್ಲಿ ಒಳಗಿನ ಗಾಲಿ ಚಿಕ್ಕ ಸುತ್ತು ಹಾಕುತ್ತದೆ, ಹೊರಗಿನದು ದೊಡ್ಡ ಸುತ್ತು. ಹಾಗಾಗಿ ಒಳಗಿನದು ಹೆಚ್ಚು ಹೊರಳಬೇಕು. ಇಡೀ ಅಚ್ಚನ್ನು ತಿರುಗಿಸುವ ಬದಲು ಅದರ ತುದಿಗಳಲ್ಲಿ ಗಾಲಿಗಳನ್ನಷ್ಟೇ ಹೀಗೆ ಹೊರಳಿಸುವ ಏರ್ಪಾಡು ಮಾಡಿದವನು ಮ್ಯೂನಿಕ್‌ನ ಸಾರೋಟು ತಯಾರಕ ಲಾಂಕೆನ್‌ಸ್ಪರ್ಗರ್. 1818ರಲ್ಲಿ ಅವನ ಪರವಾಗಿ ಇಂಗ್ಲೆಂಡಿನ ಪೇಟೆಂಟ್ ಪಡೆದವನು ಲಂಡನ್ನಿನಲ್ಲಿ ಚಿತ್ರ, ಪುಸ್ತಕ ಪ್ರಕಟಿಸಿ ಮಾರುತ್ತಿದ್ದ ರುಡಾಲ್ಫ್ ಆಕರ್‌ಮನ್. ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದುವುದು ‘ಆಕರ್‌ಮನ್ ಸ್ಟೇರಿಂಗ್’ ಎಂದೇ. ಕೆಲಸ ಸಾರೋಟಿನವನದು, ಹೆಸರು ಪುಸ್ತಕದಂಗಡಿಯವನದು!

ಮೊದಮೊದಲ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿಯ ಮೇಲೆ ಓಡಾಡಿದವು. ಅಮೆರಿಕದಲ್ಲಿ 1924ರಲ್ಲಿ ಬಂದ ಫಾರ್ಮಾಲ್, ಮುಂದಿನ ಎರಡೂ ಗಾಲಿಗಳನ್ನು ನಡುಮಧ್ಯದಲ್ಲಿ ಒತ್ತಟ್ಟಿಗೆ ತಂದು ಆಕರ್‌ಮನ್ ಲೆಕ್ಕಾಚಾರವನ್ನೇ ಪಕ್ಕಕ್ಕಿಟ್ಟಿತು. ಸಾಲು ಬೆಳೆಯ ನಡುವೆ ಅದು ಚೆನ್ನಾಗಿ ತಿರುಗುತ್ತಿತ್ತು, ಇಳಿಜಾರಿನಲ್ಲಿ ಮಗುಚುವ ಭಯವೂ ಅಷ್ಟೇ ಇತ್ತು. 1932ರಲ್ಲಿ ಆಲಿಸ್-ಚಾಮರ್ಸ್ ಕಂಪನಿ ಗಾಳಿ ತುಂಬಿದ ರಬ್ಬರ್ ಟೈರು ತೊಡಿಸಿದ ಮೇಲೆ ಟ್ರ್ಯಾಕ್ಟರ್ ಹೊಲದಿಂದ ರಸ್ತೆಗೂ ಬಂತು. ವೇಗ ಹೆಚ್ಚಿತು, ಸ್ಟೇರಿಂಗ್ ಸಡಿಲಾದರೆ ಆಗುವ ಅಪಾಯವೂ ಹೆಚ್ಚಿತು.

ಇಲ್ಲಿ ಐರ್ಲೆಂಡಿನ ಹ್ಯಾರಿ ಫರ್ಗುಸನ್‌ನ ಹೆಸರು ಹೇಳಲೇಬೇಕು. ಉಪಕರಣಗಳನ್ನು ಹಿಂಬದಿಯ ಮೂರು ಕೀಲಿಗೆ ಜೋಡಿಸಿ ಹೈಡ್ರಾಲಿಕ್‌ನಿಂದ ಎತ್ತಿಳಿಸುವ ಏರ್ಪಾಡಿನಿಂದಲೇ ಅವನು ಪ್ರಸಿದ್ಧ. ಆದರೆ ಅವನ ಜಾಣ್ಮೆ ಮುಂದಿನ ಅಚ್ಚಿನಲ್ಲೂ ಕಾಣುತ್ತದೆ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ, ಬೂದು ಬಣ್ಣದ ಅವನ ಟಿಇ-20 ಟ್ರ್ಯಾಕ್ಟರಿನ ಅಚ್ಚು ಮೂರು ತುಂಡುಗಳದು. ನಡುವಿನ ತೊಲೆಗೆ ಎರಡು ಬದಿಯ ತೋಳುಗಳು ಬೋಲ್ಟ್‌ನಿಂದ ಕೂರುತ್ತವೆ. ಸಾಲಿನ ಅಗಲಕ್ಕೆ ತಕ್ಕಂತೆ ಗಾಲಿಗಳ ಅಂತರವನ್ನು 48 ಇಂಚಿನಿಂದ ಮೇಲಕ್ಕೆ ನಾಲ್ಕು ನಾಲ್ಕು ಇಂಚು ಹಿಗ್ಗಿಸಬಹುದು. ತೋಳುಗಳು ತುಸು ಹಿಂದಕ್ಕೆ ಓರೆಯಾಗಿವೆ. ಸ್ಟೇರಿಂಗ್ ಪೆಟ್ಟಿಗೆಯ ಎರಡೂ ಬದಿಯಿಂದ ಒಂದೊಂದು ಗಾಲಿಗೆ ಅದನ್ನು ಹೊರಳಿಸುವ ಒಂದೊಂದು ಸರಳು, ಅಂದರೆ ಡ್ರ್ಯಾಗ್ ಲಿಂಕ್, ಹೋಗುತ್ತದೆ. ಈ ಓರೆಯ ಫಲವಾಗಿ, ಅಚ್ಚನ್ನು ಅಗಲ ಮಾಡಿದರೂ ಲಿಂಕುಗಳ ಉದ್ದ ಬದಲಿಸಬೇಕಾಗಿಲ್ಲ, ಗಾಲಿಗಳ ಅಲೈನ್‌ಮೆಂಟ್ ಕೆಡುವುದಿಲ್ಲ. ಟ್ರ್ಯಾಕ್ಟರಿನ ಜೊತೆ ಕೊಡುತ್ತಿದ್ದ ಪಾನದ ಮೇಲೆ ಇಂಚಿನ ಗುರುತುಗಳಿದ್ದವು. ನಟ್ಟು ಬಿಚ್ಚುವುದಕ್ಕೂ ಅದೇ, ಅಳತೆಗೂ ಅದೇ. ಮೆಕ್ಯಾನಿಕ್ ಬರುವವರೆಗೆ ರೈತ ಕಾಯಬಾರದು ಎಂಬುದು ಫರ್ಗುಸನ್‌ನ ಹಟವಾಗಿದ್ದಿರಬೇಕು.

ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆ ಶುರುವಾದದ್ದು 1959ರಲ್ಲಿ, ಫರೀದಾಬಾದಿನ ಐಷರ್‌ನಿಂದ. 1960ರಲ್ಲಿ ಮ್ಯಾಸಿ ಫರ್ಗುಸನ್ ಸಹಯೋಗದಲ್ಲಿ ಚೆನ್ನೈಯ ಟಾಫೆ ಹುಟ್ಟಿತು. ಅದರ ಕಾರ್ಖಾನೆಯೊಂದು ನಮ್ಮ ದೊಡ್ಡಬಳ್ಳಾಪುರದಲ್ಲೂ ಇದೆ. ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯಾದ ಜೆಟಾರ್ ಮಾದರಿಯನ್ನು ತಯಾರಿಸತೊಡಗಿತು. ಕೈಗಡಿಯಾರದ ಎಚ್‌ಎಂಟಿಯೇ ಟ್ರ್ಯಾಕ್ಟರನ್ನೂ ಮಾಡುತ್ತಿತ್ತೆಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ.

ನಮ್ಮಲ್ಲಿ ಉಳಿದಿರುವ ಹಳೆಯ ಟ್ರ್ಯಾಕ್ಟರುಗಳಲ್ಲಿ ಬಹಳಷ್ಟಕ್ಕೆ ಫರ್ಗುಸನ್‌ನ ಜೋಡಿ ಲಿಂಕ್ ಇಲ್ಲ. ಸ್ಟೇರಿಂಗ್ ಪೆಟ್ಟಿಗೆಯಿಂದ ಇಳಿಯುವ ತೋಳು, ಅಂದರೆ ಡ್ರಾಪ್ ಆರ್ಮ್, ಒಂದೇ; ಎರಡು ಗಾಲಿಗಳನ್ನು ಜೋಡಿಸುವ ಸರಳು ಒಂದು ಟೈ ರಾಡ್. ಹೀಗಾದಾಗ ಗಾಲಿಗಳ ಅಂತರ ಬದಲಿಸಿದ ಪ್ರತಿ ಸಲವೂ ಟೈ ರಾಡನ್ನು ಹೊಂದಿಸಬೇಕು. ಗಾಲಿಗಳ ಮುಂಬದಿಯ ಅಂತರ ಹಿಂಬದಿಗಿಂತ ಕೆಲವೇ ಮಿಲಿಮೀಟರ್ ಕಡಿಮೆ ಇರಬೇಕು. ಹಳಬರು ಅಚ್ಚಿನ ಎತ್ತರಕ್ಕೆ ಟೈರಿನ ಮುಂಬದಿಗೆ ಸೀಮೆಸುಣ್ಣದ ಗುರುತು ಹಾಕಿ ಅಳೆಯುತ್ತಾರೆ. ಗಾಲಿ ಅರ್ಧ ಸುತ್ತು ಉರುಳುವಷ್ಟು ಟ್ರ್ಯಾಕ್ಟರನ್ನು ತಳ್ಳಿ, ಗುರುತು ಹಿಂಬದಿಗೆ ಬಂದ ಮೇಲೆ ಮತ್ತೆ ಅಳೆಯುತ್ತಾರೆ. ಟೇಪು ಮತ್ತು ಸುಣ್ಣ, ಅಷ್ಟೇ ಸಲಕರಣೆ. ಅದನ್ನು ಕಡೆಗಣಿಸಿದವರ ಮುಂದಿನ ಟೈರು ಒಂದೇ ಬದಿಗೆ ಸವೆದು ಹೋಗುತ್ತದೆ.

ಕರ್ನಾಟಕದ ನೆಲ ತನ್ನದೇ ರೋಗಗಳನ್ನು ಸೇರಿಸಿತು. ತುಂಗಭದ್ರಾ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು ಸೀಮೆ ಭತ್ತದ ಗದ್ದೆಯಾಯಿತು. ಕೆಸರು ಹೊಡೆಯುವಾಗ ಮುಂದಿನ ಗಾಲಿಯ ಹಬ್ ನೀರಲ್ಲೇ ಮುಳುಗಿರುತ್ತದೆ; ಸೀಲ್ ಹರಿದರೆ ಮಣ್ಣುನೀರು ನುಗ್ಗಿ ಗ್ರೀಸನ್ನು ಕೆಡಿಸಿ ಬೇರಿಂಗನ್ನು ತಿನ್ನುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆಯ ಕಥೆ ಬೇರೆ. ಅಲ್ಲಿ ಒಂದು ಇಂಜಿನ್ನಿಗೆ ಎರಡು ಡಬ್ಬಿ ಕಬ್ಬು, ಅಂದರೆ ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ. ಏರಿನಲ್ಲಿ ಹಿಂದಿನ ಭಾರಕ್ಕೆ ಮೂತಿ ಮೇಲೆದ್ದರೆ ಗಾಲಿ ನೆಲ ಬಿಡುತ್ತದೆ, ಸ್ಟೇರಿಂಗ್ ಎಷ್ಟು ತಿರುಗಿಸಿದರೂ ವ್ಯರ್ಥ. ಎದ್ದ ಮೂತಿ ದಪ್ಪನೆ ಬಿದ್ದಾಗ ಪೆಟ್ಟು ತಿನ್ನುವುದು ಗಾಲಿ ಹೊರಳುವ ಕೀಲಾದ ಕಿಂಗ್ ಪಿನ್, ಅಚ್ಚಿನ ಸೆಂಟರ್ ಪಿನ್ ಮತ್ತು ಅವುಗಳ ಬುಷ್. ಈ ರೋಗಕ್ಕೆ ಔಷಧ ಗ್ಯಾರೇಜಿನಲ್ಲಿಲ್ಲ, ಹೇರಿನ ಲೆಕ್ಕದಲ್ಲಿದೆ.

ಸ್ಟೇರಿಂಗ್ ಚಕ್ರವನ್ನು ಅಂಗೈಯಗಲ ತಿರುಗಿಸಿದರೂ ಗಾಲಿ ಕದಲದಿದ್ದರೆ ಅದಕ್ಕೆ ‘ಪ್ಲೇ’ ಬಂದಿದೆ ಎನ್ನುತ್ತಾರೆ. ಅವಸರದ ಕೈ ನೇರ ಹೋಗುವುದು ಸ್ಟೇರಿಂಗ್ ಪೆಟ್ಟಿಗೆಯ ಅಡ್ಜಸ್ಟಿಂಗ್ ಸ್ಕ್ರೂಗೆ. ಪಳಗಿದ ಮೆಕ್ಯಾನಿಕ್ ನೆಲದಿಂದ ಮೇಲಕ್ಕೆ ಬರುತ್ತಾನೆ. ಮೊದಲು ಟೈರಿನ ಗಾಳಿ. ಅಚ್ಚಿಗೆ ಜಾಕ್ ಕೊಟ್ಟು ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗಿನದೋ ಕಿಂಗ್ ಪಿನ್ನಿನದೋ ಗುಟ್ಟು ರಟ್ಟಾಗುತ್ತದೆ. ಗಾಲಿ ನೆಲಕ್ಕಿಳಿದ ಮೇಲೆ ಒಬ್ಬ ಸ್ಟೇರಿಂಗನ್ನು ಆಚೀಚೆ ತೂಗುತ್ತಿರಬೇಕು, ಇನ್ನೊಬ್ಬ ಬಗ್ಗಿ ಯಾವ ಕೀಲು ಸುಮ್ಮನೆ ಕುಣಿಯುತ್ತಿದೆ ಎಂದು ನೋಡಬೇಕು. ಎಷ್ಟೋ ಸಲ ದೋಷ ಇರುವುದು ಟೈ ರಾಡಿನ ತುದಿಯಲ್ಲಿ, ಇಲ್ಲವೇ ಡ್ರಾಪ್ ಆರ್ಮಿನ ಸಡಿಲ ನಟ್ಟಿನಲ್ಲಿ. ಪೆಟ್ಟಿಗೆಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಕಾರಣವೂ ಇದೆ: ಟ್ರ್ಯಾಕ್ಟರ್ ಹೆಚ್ಚು ಹೊತ್ತು ನೇರವಾಗಿ ಓಡುವುದರಿಂದ ಒಳಗಿನ ಹಲ್ಲು ಸವೆಯುವುದು ನಡುವಿನಲ್ಲೇ. ಆ ನಡುವಿನ ಸಡಿಲ ತೆಗೆಯಲೆಂದು ಸ್ಕ್ರೂ ಬಿಗಿದರೆ ಪೂರ್ತಿ ತಿರುವಿನಲ್ಲಿ ಸ್ಟೇರಿಂಗ್ ಕಚ್ಚಿಕೊಳ್ಳುತ್ತದೆ.

ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚುವ ತೀರ್ಮಾನ 2016ರಲ್ಲಾಯಿತು. ಹೊಸ ಟ್ರ್ಯಾಕ್ಟರುಗಳಿಗೆ ಪವರ್ ಸ್ಟೇರಿಂಗ್ ಬಂದು ತೋಳಿನ ನೋವು ತಪ್ಪಿತು. ಹಳೆಯವು ಇನ್ನೂ ಓಡುತ್ತಿದ್ದರೆ ಅದರ ಶ್ರೇಯಸ್ಸು ಗುಜರಿ ಅಂಗಡಿಗೆ ಮತ್ತು ಲೇತಿನವರಿಗೆ. ಸವೆದ ಬುಷ್‌ನ ಅಳತೆ ಹಿಡಿದು ಗನ್‌ಮೆಟಲ್‌ನಲ್ಲಿ ಹೊಸದನ್ನು ಕಡೆದುಕೊಡುವ ಆ ಕೆಲಸ ಒಳ್ಳೆಯದೇ, ನಂಬಬಹುದಾದದ್ದೇ.

ವೆಲ್ಡಿಂಗ್ ಹಾಗಲ್ಲ. ಬಿರುಕು ಬಿಟ್ಟ ಸ್ಟೇರಿಂಗ್ ಆರ್ಮನ್ನೋ ಸವೆದ ಬಾಲ್ ಜಾಯಿಂಟನ್ನೋ ಬೆಸುಗೆ ಹಾಕಿಸಿ ಈ ಸುಗ್ಗಿ ದಾಟಿಸೋಣ ಎನ್ನುವವರು ಈಗಲೂ ಇದ್ದಾರೆ. ಕಾವು ತಿಂದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ, ಮುರಿಯುವಾಗ ಸೂಚನೆ ಕೊಡುವುದಿಲ್ಲ. ದಯವಿಟ್ಟು ಅಂಥ ಟ್ರ್ಯಾಕ್ಟರಿಗೆ ಟ್ರಾಲಿ ಕಟ್ಟಿ ಜನ ಕೂರಿಸಿಕೊಂಡು ರಸ್ತೆಗೆ ತರಬೇಡಿ.