ಏಣಗಿ ಬಾಳಪ್ಪ: ಒಂದು ಶತಮಾನದ ರಂಗಬದುಕು

ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಯ ಹಿರಿಯ ನಟ, ಗಾಯಕ ಹಾಗೂ ನಾಟಕ ಕಂಪನಿಯ ಮಾಲೀಕ ಏಣಗಿ ಬಾಳಪ್ಪ (1914–2017) ಅವರದು ನೂರು ವರ್ಷಗಳನ್ನೂ ಮೀರಿದ ತುಂಬು ಜೀವನ. ಬಾಲ್ಯದಲ್ಲಿ ಹಚ್ಚಿದ ಬಣ್ಣದ ನಂಟನ್ನು ಅವರು ಕೊನೆಯವರೆಗೂ ಕಳೆದುಕೊಳ್ಳಲಿಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಿಂದ ಹೊರಟ ಈ ಕಲಾವಿದ ಬಸವೇಶ್ವರನ ಪಾತ್ರದ ಮೂಲಕ ನಾಡಿನಾದ್ಯಂತ ಮನೆಮಾತಾದರು. ಆದರೆ ಅವರ ಅಭಿನಯದ ಉಚ್ಛ್ರಾಯ ಕಾಲ ಉಳಿದಿರುವುದು ಬಹುಪಾಲು ಪ್ರೇಕ್ಷಕರ ನೆನಪಿನಲ್ಲಿ. ಆ ನೆನಪಿನ ತಲೆಮಾರು ಈಗ ಒಂದೊಂದಾಗಿ ಮರೆಯಾಗುತ್ತಿರುವ ಹೊತ್ತಿನಲ್ಲಿ ಅವರ ಬದುಕನ್ನು ಅವಲೋಕಿಸುವುದು ಅಗತ್ಯ.

ಹುಟ್ಟಿದ ನೆಲ

ಬಾಳಪ್ಪನವರು 1914ರಲ್ಲಿ ಸವದತ್ತಿ ಸೀಮೆಯ ಏಣಗಿ ಗ್ರಾಮದ ರೈತ ಕುಟುಂಬದಲ್ಲಿ ಜನಿಸಿದರು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಜಿಲ್ಲೆಯ ಹಳ್ಳಿಗಳಲ್ಲಿ ಬಯಲಾಟ, ಸಣ್ಣಾಟಗಳ ಸಂಪ್ರದಾಯ ಗಟ್ಟಿಯಾಗಿ ಬೇರೂರಿತ್ತು. ಸುಗ್ಗಿ ಮುಗಿದ ಮೇಲೆ ರಾತ್ರಿಯಿಡೀ ಆಟ ನೋಡುವುದು ಇಲ್ಲಿನ ರೈತಾಪಿ ಜನರ ಜೀವನಕ್ರಮವೇ ಆಗಿತ್ತು.

ಈ ಸಂಪ್ರದಾಯದಲ್ಲಿ ಗೋಕಾಕ ಮತ್ತು ಮೂಡಲಗಿ ಭಾಗದ ಪಾಲು ದೊಡ್ಡದು. 'ಶ್ರೀಕೃಷ್ಣ ಪಾರಿಜಾತ'ವನ್ನು ಜನಪ್ರಿಯ ರಂಗಪ್ರಕಾರವಾಗಿ ರೂಪಿಸಿದ ಕುಲಗೋಡ ತಮ್ಮಣ್ಣ ಈ ನೆಲದವರು. ಸ್ತ್ರೀ ಪಾತ್ರಗಳನ್ನು ಪುರುಷರೇ ಮಾಡುತ್ತಿದ್ದ ಕಾಲದಲ್ಲಿ ಪಾರಿಜಾತದ ರಂಗಕ್ಕೆ ಧೈರ್ಯದಿಂದ ಕಾಲಿಟ್ಟು ಹೆಸರಾದ ಕೌಜಲಗಿ ನಿಂಗಮ್ಮ ಕೂಡ ಈ ಸೀಮೆಯವರೇ. ಸತ್ಯಭಾಮೆಯ ಮುನಿಸು, ಕೊರವಂಜಿಯ ಕಣಿ, ಭಾಗವತರ ಹಾಡು ಇವೆಲ್ಲ ಅಕ್ಷರ ಬಾರದವರಿಗೂ ಬಾಯಿಪಾಠವಾಗಿದ್ದ ಪ್ರದೇಶವಿದು. ಬಾಳಪ್ಪನವರಂಥ ನಟರು ಮೂಡಿಬಂದದ್ದು ಇಂಥ ಸಂಸ್ಕಾರವಿದ್ದ ಜಿಲ್ಲೆಯಿಂದ.

ಮರಾಠಿ ರಂಗಭೂಮಿಯ ನೆರಳು

ಜಿಲ್ಲೆಯ ರಂಗಭೂಮಿಯ ಇನ್ನೊಂದು ಮುಖ ಮರಾಠಿ ಸಂಗೀತ ನಾಟಕಗಳದು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಮೊದಲ ಮರಾಠಿ ನಾಟಕವನ್ನು ಆಡಿಸಿದಾಗ ಅವರಿಗೆ ಪ್ರೇರಣೆಯಾದದ್ದು ಕರ್ನಾಟಕದ ಕರಾವಳಿಯಿಂದ ಹೋಗಿದ್ದ ಭಾಗವತರ ಮೇಳ. ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ ಗುರ್ಲಹೊಸೂರು ಬೆಳಗಾವಿ ಜಿಲ್ಲೆಯಲ್ಲಿಯೇ ಇದೆ. ಹೀಗೆ ಇಲ್ಲಿಂದ ಹೋದ ಬೀಜ ಅಲ್ಲಿ ಮರವಾಗಿ ಬೆಳೆದು ಮರಳಿ ಇಲ್ಲಿಗೇ ನೆರಳು ಚೆಲ್ಲಿತು.

ಮರಾಠಿ ಕಂಪನಿಗಳ ಪ್ರಾಬಲ್ಯಕ್ಕೆ ಉತ್ತರವಾಗಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿಯನ್ನು ಹುಟ್ಟುಹಾಕಿದ್ದರು. ಅವರು ತೆರೆದ ದಾರಿಯಲ್ಲಿ ಹಲವಾರು ಕಂಪನಿಗಳು ಹುಟ್ಟಿಕೊಂಡವು. ಕನ್ನಡಕ್ಕೆ ಶಾಲೆ, ಕಚೇರಿಗಳಲ್ಲಿ ಸಲ್ಲಬೇಕಾದ ಸ್ಥಾನ ದೊರೆಯದಿದ್ದ ಆ ದಿನಗಳಲ್ಲಿ ಕಂಪನಿ ನಾಟಕಗಳು ಮನರಂಜನೆಯ ಜೊತೆಗೆ ಭಾಷಾಭಿಮಾನವನ್ನೂ ಬೆಳೆಸಿದವು. ಬಾಳಪ್ಪನವರು ರಂಗಪ್ರವೇಶ ಮಾಡಿದ್ದು ಈ ಹಿನ್ನೆಲೆಯಲ್ಲಿ.

ಸ್ತ್ರೀ ಪಾತ್ರದಿಂದ ಮಾಲೀಕತ್ವದವರೆಗೆ

ಸುಮಧುರ ಕಂಠ ಬಾಳಪ್ಪನವರಿಗೆ ಹುಟ್ಟಿನಿಂದ ಬಂದ ವರ. ಅಂದಿನ ಪದ್ಧತಿಯಂತೆ ಬಾಲಕನಾಗಿದ್ದಾಗ ಸ್ತ್ರೀ ಪಾತ್ರಗಳನ್ನು ನಿರ್ವಹಿಸಿದ ಅವರು, ವಯಸ್ಸಿಗೆ ಬಂದಂತೆ ನಾಯಕ ಪಾತ್ರಗಳಿಗೆ ಏರಿದರು. ಧ್ವನಿವರ್ಧಕ ಇಲ್ಲದ ಕಾಲವದು. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಮಾತು ಸ್ಪಷ್ಟವಾಗಿ ಕೇಳಬೇಕು, ಹಾಡು ಹಿತವಾಗಿ ಮುಟ್ಟಬೇಕು. ಪೇಟಿ ಮಾಸ್ತರರ ಎದುರು ನಡೆಯುತ್ತಿದ್ದ ತಾಲೀಮಿನಲ್ಲಿ ಶ್ರುತಿ ತಪ್ಪಿದರೆ ಕ್ಷಮೆಯಿರಲಿಲ್ಲ. ಹಾಡಬಲ್ಲವನೇ ನಟ ಎಂಬ ಆ ಕಾಲದ ಕಟ್ಟಳೆಯಲ್ಲಿ ಬಾಳಪ್ಪನವರು ಪಳಗಿದರು.

ದೇಶ ಸ್ವತಂತ್ರವಾದ 1947ರಲ್ಲಿ ಅವರು 'ಕಲಾವೈಭವ ನಾಟ್ಯ ಸಂಘ'ವನ್ನು ಸ್ಥಾಪಿಸಿದರು. ಕಂಪನಿ ನಡೆಸುವುದೆಂದರೆ ಒಂದು ಊರನ್ನೇ ಹೊತ್ತು ತಿರುಗಿದಂತೆ. ಪರದೆಗಳು, ವೇಷಭೂಷಣದ ಪೆಟ್ಟಿಗೆಗಳು, ಅಡುಗೆಯ ಪಾತ್ರೆಗಳು, ನಟ ನಟಿಯರ ಸಂಸಾರಗಳು ಎಲ್ಲವೂ ಊರಿಂದೂರಿಗೆ ಸಾಗಬೇಕಿತ್ತು. ಗೋಕಾಕದ ಮಹಾಲಕ್ಷ್ಮಿ ಜಾತ್ರೆ, ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಶಂಕರಲಿಂಗ ಜಾತ್ರೆಯಂಥ ಉತ್ಸವಗಳು ವೃತ್ತಿ ಕಂಪನಿಗಳ ಪಾಲಿಗೆ ಸುಗ್ಗಿಯ ಕಾಲ. ಮಳೆ ಹಿಡಿದರೆ ಆಟವಿಲ್ಲ, ಆಟವಿಲ್ಲದಿದ್ದರೆ ಆದಾಯವಿಲ್ಲ. ಆದರೂ ಕಲಾವಿದರ ಊಟ ನಿಲ್ಲಿಸುವಂತಿರಲಿಲ್ಲ. ನಟನ ಹೊಣೆಯ ಜೊತೆಗೆ ಈ ಹೊಣೆಯನ್ನೂ ಬಾಳಪ್ಪನವರು ದಶಕಗಳ ಕಾಲ ಹೊತ್ತರು.

ಜಗಜ್ಯೋತಿ ಬಸವೇಶ್ವರ

ಬಾಳಪ್ಪನವರ ಕೀರ್ತಿಯ ಶಿಖರ 'ಜಗಜ್ಯೋತಿ ಬಸವೇಶ್ವರ' ನಾಟಕ. ಹನ್ನೆರಡನೆಯ ಶತಮಾನದ ಶರಣ ಚಳವಳಿಯ ನಾಯಕನನ್ನು ಅವರು ವಚನ ಗಾಯನ ಹಾಗೂ ಸಂಯಮದ ಅಭಿನಯದಿಂದ ಜನರ ಮುಂದೆ ನಿಲ್ಲಿಸಿದರು. ಅವರು ವೇದಿಕೆಗೆ ಬಂದಾಗ ಪ್ರೇಕ್ಷಕರು ಕೈಮುಗಿಯುತ್ತಿದ್ದರು, ಆಟ ಮುಗಿದ ಮೇಲೆ ಕಾಲಿಗೆರಗುತ್ತಿದ್ದರು ಎಂಬುದು ಆ ತಲೆಮಾರಿನವರು ಹೇಳುತ್ತ ಬಂದ ಮಾತು. ಉತ್ತರ ಕರ್ನಾಟಕದ ಅನೇಕರಿಗೆ ಬಸವಣ್ಣನೆಂದರೆ ಬಾಳಪ್ಪನವರ ಮುಖವೇ ಕಣ್ಣಮುಂದೆ ಬರುತ್ತಿತ್ತು.

ಇದೇ ಹೆಸರಿನ ಚಲನಚಿತ್ರ 1959ರಲ್ಲಿ ತೆರೆಕಂಡಿತು. ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನದ ಆ ಚಿತ್ರದಲ್ಲಿ ಬಸವೇಶ್ವರನಾಗಿ ಹೊನ್ನಪ್ಪ ಭಾಗವತರ್, ಬಿಜ್ಜಳನಾಗಿ ರಾಜಕುಮಾರ್ ನಟಿಸಿದ್ದರು. ಚಿತ್ರದ ಬಸವಣ್ಣನನ್ನು ಇಂದಿಗೂ ಕಾಣಬಹುದು. ರಂಗದ ಬಸವಣ್ಣ ಮಾತ್ರ ಆಯಾ ರಾತ್ರಿಯ ಪ್ರೇಕ್ಷಕನಿಗಷ್ಟೇ ದಕ್ಕಿದ.

ಬೆಳ್ಳಿತೆರೆಯ ಬಾಗಿಲು

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ಬಿಡುಗಡೆಯಾಯಿತು. ಅದರ ಚಿತ್ರೀಕರಣ ನಡೆದದ್ದು ಹುಕ್ಕೇರಿ, ಗೋಕಾಕಗಳಿಗೆ ಹತ್ತಿರದ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಚಿತ್ರದಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ರಂಗಭೂಮಿಯಿಂದಲೇ ಬಂದವರು. ಹಳೆಯ ಮೈಸೂರು ಭಾಗದ ಕಂಪನಿಗಳ ಅನೇಕ ನಟರು ಮುಂದೆ ಚಿತ್ರರಂಗವನ್ನೇ ನೆಲೆಯಾಗಿಸಿಕೊಂಡರು. ಗುಬ್ಬಿ ಕಂಪನಿಯಿಂದ ಹೋದ ರಾಜಕುಮಾರ್ ಅವರೇ ಇದಕ್ಕೆ ದೊಡ್ಡ ಉದಾಹರಣೆ.

ಬಾಳಪ್ಪನವರ ಮುಖ್ಯ ನೆಲೆ ಕೊನೆಯವರೆಗೂ ರಂಗಭೂಮಿಯೇ ಆಗಿತ್ತು. ಕನ್ನಡ ಚಿತ್ರೋದ್ಯಮ ಬೆಳೆದದ್ದು ಮದರಾಸು ಹಾಗೂ ಬೆಂಗಳೂರುಗಳಲ್ಲಿ. ಉತ್ತರದ ಕಂಪನಿಗಳಿಗೆ ಅವು ಬಲು ದೂರ. ಸ್ವಂತ ಕಂಪನಿಯನ್ನು ನಂಬಿದ ಕುಟುಂಬಗಳನ್ನು ಬಿಟ್ಟು ಹೋಗುವುದೂ ಮಾಲೀಕನಾದವನಿಗೆ ಸುಲಭವಲ್ಲ. ಅವರ ಪುತ್ರ ಏಣಗಿ ನಟರಾಜ ಅವರು ರಂಗಭೂಮಿಯ ಜೊತೆಗೆ ಚಲನಚಿತ್ರ, ಕಿರುತೆರೆಗಳಲ್ಲಿಯೂ ನಟಿಸಿ ಹೆಸರು ಮಾಡಿದರು. 2012ರಲ್ಲಿ ನಟರಾಜ ಅವರು ನಿಧನರಾದಾಗ ತಂದೆಗೆ ತೊಂಬತ್ತೆಂಟರ ಆಸುಪಾಸು. ಇಳಿವಯಸ್ಸಿನಲ್ಲಿ ಮಗನನ್ನು ಕಳೆದುಕೊಂಡ ದುಃಖವನ್ನು ಹಿರಿಯ ಜೀವ ನುಂಗಿಕೊಂಡಿತು.

ಕುಟುಂಬ ಮತ್ತು ಗೌರವ

ಬಾಳಪ್ಪನವರ ಪತ್ನಿಯರಾದ ಸಾವಿತ್ರಮ್ಮ ಹಾಗೂ ಲಕ್ಷ್ಮೀಬಾಯಿ ಏಣಗಿ ಅವರೂ ಕಲಾವಿದೆಯರು. ಲಕ್ಷ್ಮೀಬಾಯಿಯವರು ಗಾಯಕ ನಟಿಯಾಗಿ ಪ್ರಸಿದ್ಧರು. ಕಂಪನಿಯ ಬಾಳು ಇಡೀ ಕುಟುಂಬದ ಬಾಳಾಗಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ, ಗುಬ್ಬಿ ವೀರಣ್ಣ ಪ್ರಶಸ್ತಿ ಮೊದಲಾದ ಗೌರವಗಳು ಬಾಳಪ್ಪನವರನ್ನು ಅರಸಿ ಬಂದವು. ಅವರ ಆತ್ಮಕಥನವನ್ನು 'ಬಣ್ಣದ ಬದುಕಿನ ಚಿನ್ನದ ದಿನಗಳು' ಎಂಬ ಹೆಸರಿನಲ್ಲಿ ಗಣೇಶ ಅಮೀನಗಡ ನಿರೂಪಿಸಿದ್ದಾರೆ.

ತೆರೆ ಬಿದ್ದ ಮೇಲೆ

ಸಿನಿಮಾ, ಆನಂತರ ದೂರದರ್ಶನದ ಪೈಪೋಟಿಯಲ್ಲಿ ವೃತ್ತಿ ಕಂಪನಿಗಳು ಒಂದರ ಹಿಂದೊಂದು ಸೊರಗಿದವು. ಕಲಾವೈಭವವೂ ಕಾಲಕ್ರಮೇಣ ತೆರೆ ಎಳೆಯಿತು. ಆದರೆ ಬಾಳಪ್ಪನವರ ಕಂಠ ನಿಲ್ಲಲಿಲ್ಲ. ತೊಂಬತ್ತು ದಾಟಿದ ಮೇಲೂ ಸಭೆ ಸಮಾರಂಭಗಳಲ್ಲಿ ಅವರು ರಂಗಗೀತೆ ಹಾಡಿ ಕಿರಿಯರನ್ನು ಬೆರಗುಗೊಳಿಸುತ್ತಿದ್ದರು. 2017ರ ಆಗಸ್ಟ್ 18ರಂದು, 103ನೆಯ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು.

ಬಾಳಪ್ಪನವರ ಬದುಕು ಒಬ್ಬ ನಟನ ಸಾಧನೆಯಷ್ಟೇ ಅಲ್ಲ. ಟಿಕೀಟಿನ ದುಡ್ಡನ್ನೇ ನಂಬಿ ನೂರಾರು ಕುಟುಂಬಗಳನ್ನು ಸಲಹಿದ, ಪರಭಾಷೆಯ ಪ್ರಾಬಲ್ಯದ ನಡುವೆ ಕನ್ನಡದ ಸೊಲ್ಲನ್ನು ಜೀವಂತವಾಗಿಟ್ಟ ಒಂದು ವ್ಯವಸ್ಥೆಯ ಚರಿತ್ರೆಯದು. ಚಿತ್ರನಟನ ಕಲೆಯನ್ನು ರೀಲು ಕಾಪಾಡುತ್ತದೆ; ಕಂಪನಿ ನಟನ ಕಲೆಯನ್ನು ಕಾಪಾಡಬೇಕಾದದ್ದು ನಾಡು. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಕಂಪನಿ ನಾಟಕದ ಹಾಡುಗಳನ್ನು ಗುನುಗುವ ಹಿರಿಯರು ಇನ್ನೂ ಇದ್ದಾರೆ. ಅವರ ಬಾಯಿಂದ ಆ ಹಾಡು, ಆ ನೆನಪುಗಳನ್ನು ದಾಖಲಿಸಿಕೊಳ್ಳುವುದು ಅಗಲಿದ ಹಿರಿಯ ನಟನಿಗೆ ಸಲ್ಲಿಸಬಹುದಾದ ನಿಜವಾದ ಗೌರವ.